ಎರರ್ ಬಂದಾಗ ಶುರುವಾಗುವ ಪಾಠ

ಬೆಂಗಳೂರಿನ ಬಿಟಿಎಂ ಲೇಔಟ್, ಮಾರತ್‌ಹಳ್ಳಿ, ರಾಜಾಜಿನಗರ, ಬಸವನಗುಡಿಯ ಮುಖ್ಯರಸ್ತೆಗಳಲ್ಲಿ ತಲೆಯೆತ್ತಿ ನೋಡುತ್ತ ಹೋದರೆ ಎರಡನೇ, ಮೂರನೇ ಮಹಡಿಯ ಬೋರ್ಡುಗಳಲ್ಲಿ ಪ್ರೋಗ್ರಾಮಿಂಗ್ ಭಾಷೆಗಳ ಹೆಸರುಗಳು ಸಾಲುಗಟ್ಟಿವೆ. ಜಾವಾ ಫುಲ್ ಸ್ಟ್ಯಾಕ್, ಪೈಥಾನ್ ಫುಲ್ ಸ್ಟ್ಯಾಕ್, ಮರ್ನ್ ಸ್ಟ್ಯಾಕ್, ಡಾಟ್‌ನೆಟ್. ಕೆಳಗೆ ಇಷ್ಟು ತಿಂಗಳು ಎಂಬ ಲೆಕ್ಕ, ಅದರ ಕೆಳಗೆ ಪ್ಲೇಸ್‌ಮೆಂಟಿನ ಭರವಸೆ. ಕಲಬುರಗಿ, ರಾಯಚೂರು, ದಾವಣಗೆರೆ, ಹಾಸನದ ಕಡೆಯಿಂದ ಬಿ.ಇ., ಬಿಸಿಎ, ಎಂಸಿಎ ಮುಗಿಸಿಕೊಂಡು ಬಂದವರು ಅಕ್ಕಪಕ್ಕದ ಪಿಜಿಗಳಲ್ಲಿ ಉಳಿದು ಈ ಮೆಟ್ಟಿಲುಗಳನ್ನು ಹತ್ತುತ್ತಾರೆ. ಒಬ್ಬೊಬ್ಬರ ಹಿಂದೆಯೂ ಒಂದು ಮನೆಯ ಉಳಿತಾಯವಿದೆ, ಒಂದು ಮನೆಯ ಕಾಯುವಿಕೆಯಿದೆ. ಈ ಕೋರ್ಸುಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರು ಶುಲ್ಕದ್ದು ಅಥವಾ ಸಿಗದ ಕೆಲಸದ್ದು. ಆ ದೂರಿನಲ್ಲಿ ಹುರುಳಿದೆ, ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ತರಗತಿಯೊಳಗೆ ಏನು ನಡೆಯುತ್ತದೆ ಎಂಬುದು. ಪ್ರೋಗ್ರಾಮರ್ ಆದವರ ದಿನದ ದೊಡ್ಡ ಪಾಲು ಓಡದ ಪ್ರೋಗ್ರಾಮನ್ನು ಓಡಿಸುವುದರಲ್ಲಿ, ಬೇರೆಯವರು ಬರೆದದ್ದನ್ನು ಓದಿ ತಿದ್ದುವುದರಲ್ಲಿ ಕಳೆಯುತ್ತದೆ. ನಮ್ಮ ಬಹುಪಾಲು ತರಬೇತಿಗಳು ಕಲಿಸದೆ ಬಿಟ್ಟಿರುವುದು ಸರಿಯಾಗಿ ಇದನ್ನೇ. ಭಾಷೆಯ ಹೆಸರು ನೋಡಿ ಕೋರ್ಸ್ ಆರಿಸುವುದನ್ನು ಬಿಟ್ಟು, ತಪ್ಪಿನ ಎದುರು ವಿದ್ಯಾರ್ಥಿಯನ್ನು ಎಷ್ಟು ಹೊತ್ತು ಕೂರಿಸುತ್ತಾರೆ, ಕೂರಿಸಿ ಏನು ಹೇಳಿಕೊಡುತ್ತಾರೆ ಎಂಬುದರಿಂದ ಅದನ್ನು ಅಳೆಯಬೇಕು ಎಂಬುದು ನನ್ನ ವಾದ.

ಬೋರ್ಡಿನ ಮೇಲಿನ ಹೆಸರು ಎಷ್ಟು ಕಾಲ ಉಳಿಯುತ್ತದೆ ಎಂಬುದಕ್ಕೆ ನಲವತ್ತು ವರ್ಷಗಳ ಚರಿತ್ರೆಯೇ ಸಾಕ್ಷಿ. ಎನ್‌ಐಐಟಿ 1981ರಲ್ಲಿ, ಆಪ್ಟೆಕ್ 1986ರಲ್ಲಿ ಶುರುವಾದವು. ಕರ್ನಾಟಕ ಸರ್ಕಾರ 1976ರಲ್ಲಿ ಸ್ಥಾಪಿಸಿದ ಕಿಯೋನಿಕ್ಸ್‌ನ ಹೆಸರಿನಲ್ಲೂ ಜಿಲ್ಲೆ, ತಾಲ್ಲೂಕುಗಳಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರಗಳು ತೆರೆದವು. 2000ನೇ ಇಸವಿ ಬಂದಾಗ ಕಂಪ್ಯೂಟರುಗಳ ದಿನಾಂಕದ ಲೆಕ್ಕ ತಪ್ಪುತ್ತದೆ ಎಂಬ ವೈಟುಕೆ ಭಯದ ದಿನಗಳಲ್ಲಿ ಕೋಬಾಲ್ ಎಂಬ ಹಳೆಯ ಭಾಷೆ ಬಲ್ಲವರಿಗೆ ಎಲ್ಲಿಲ್ಲದ ಬೇಡಿಕೆ ಬಂತು. 1998ರಲ್ಲಿ ಬಂದ ವಿಷುಯಲ್ ಬೇಸಿಕ್ 6 ಕಲಿಯದೆ ಕೆಲಸವಿಲ್ಲ ಎಂಬ ಕಾಲವೊಂದಿತ್ತು. 2008ರಲ್ಲಿ ಮೈಕ್ರೋಸಾಫ್ಟ್ ಅದರ ಬೆಂಬಲವನ್ನೇ ನಿಲ್ಲಿಸಿತು. ವೆಬ್‌ ಪುಟಗಳಿಗೆ ಚಲನೆ ತಂದ ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ಗೂಗಲ್ 2010ರಲ್ಲಿ ಹೊರತಂದ ಆಂಗ್ಯುಲರ್‌ಜೆಎಸ್‌ಗೆ ಬೆಂಬಲ 2021ರ ಕೊನೆಗೆ ನಿಂತಿತು. ಅದರ ಹೆಸರನ್ನೇ ಹೊತ್ತು ಬಂದ ಹೊಸ ಆಂಗ್ಯುಲರ್ ಎಷ್ಟು ಬದಲಾಗಿತ್ತೆಂದರೆ ಹಳೆಯದನ್ನು ಬಲ್ಲವರು ಬಹುಮಟ್ಟಿಗೆ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಈಗ ವೆಬ್ ಕಲಿಸುವ ಕಡೆಯೆಲ್ಲ ಕೇಳಿಬರುವ ರಿಯಾಕ್ಟ್ ಅನ್ನು ಫೇಸ್‌ಬುಕ್ ಮುಕ್ತ ತಂತ್ರಾಂಶವಾಗಿ ಬಿಟ್ಟದ್ದು 2013ರಲ್ಲಿ. ಜಾವಾ ಮತ್ತು ಜಾವಾಸ್ಕ್ರಿಪ್ಟ್ ಎರಡೂ 1995ರವು, ಇನ್ನೂ ಗಟ್ಟಿಯಾಗಿವೆ ನಿಜ. ಆದರೆ 1995ರ ಜಾವಾ ಪಾಠವನ್ನು ಇವತ್ತು ಹೇಳಿಕೊಟ್ಟರೆ ಯಾರೂ ಒಪ್ಪುವುದಿಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಕೋರ್ಸ್ ಮುಗಿಸಿ ಕೆಲಸಕ್ಕೆ ಸೇರುವ ಹುಡುಗಿ ಇನ್ನೂ ಮೂವತ್ತೈದು ವರ್ಷ ದುಡಿಯಬೇಕು. ಅಷ್ಟರಲ್ಲಿ ಅವಳು ಕೈಬಿಡಬೇಕಾದ ಹೆಸರುಗಳು ಎಷ್ಟೋ.

ಹೆಸರುಗಳ ಕೆಳಗೆ ಬದಲಾಗದೆ ಉಳಿಯುವುದು ಏನು ಎಂದು ತಿಳಿಯಲು ಎರಡು ಸಣ್ಣ ಪ್ರಯೋಗಗಳು ಸಾಕು. ಜಾವಾ, ಪೈಥಾನ್, ಜಾವಾಸ್ಕ್ರಿಪ್ಟ್ ಮೂರರಲ್ಲೂ 0.1 ಮತ್ತು 0.2 ಕೂಡಿಸಿ ಉತ್ತರವನ್ನು ತೆರೆಯ ಮೇಲೆ ತೋರಿಸಿ. ಮೂರೂ 0.30000000000000004 ಎನ್ನುತ್ತವೆ. ಭಾಷೆಗಳು ಬೇರೆಯಾದರೂ ದಶಮಾಂಶ ಸಂಖ್ಯೆಯನ್ನು ಯಂತ್ರ ಎರಡರ ಘಾತಗಳಲ್ಲಿ ಇಟ್ಟುಕೊಳ್ಳುವ ರೀತಿ ಒಂದೇ. ಹತ್ತನೇ ಒಂದು ಭಾಗ ಅದರಲ್ಲಿ ಪೂರ್ತಿ ಹಿಡಿಸುವುದಿಲ್ಲ. ಇದನ್ನು ತಿಳಿದವರು ಅಂಗಡಿ ಬಿಲ್ಲಿಂಗ್ ತಂತ್ರಾಂಶ ಬರೆಯುವಾಗ ರೂಪಾಯಿಯನ್ನು ಪೈಸೆಯ ಪೂರ್ಣಾಂಕವಾಗಿ ಇಡುತ್ತಾರೆ. ತಿಳಿಯದವರ ಲೆಕ್ಕ ತಿಂಗಳ ಕೊನೆಗೆ ತಾಳೆಯಾಗುವುದಿಲ್ಲ, ಏಕೆಂದು ಗೊತ್ತೂ ಆಗುವುದಿಲ್ಲ.

ಎರಡನೆಯದು ನಮ್ಮದೇ ಲಿಪಿಯದು. ಫ್ರೆಷರ್‌ಗಳ ಇಂಟರ್‌ವ್ಯೂಗಳಲ್ಲಿ ತುಂಬ ಹಳೆಯ ಪ್ರಶ್ನೆಯೊಂದಿದೆ: ಒಂದು ಪದವನ್ನು ತಿರುಗಿಸಿ ಬರೆಯುವ ಪ್ರೋಗ್ರಾಂ ಬರೆಯಿರಿ. ಇನ್‌ಸ್ಟಿಟ್ಯೂಟ್ ಮುಗಿಸಿದ ಪ್ರತಿಯೊಬ್ಬರಿಗೂ ಇದು ಬಾಯಿಪಾಠ. ಅದೇ ಪ್ರೋಗ್ರಾಮಿಗೆ ‘ಮೈಸೂರು’ ಎಂಬ ಪದ ಕೊಟ್ಟು ನೋಡಬೇಕು. ಓದುವವರ ಕಣ್ಣಿಗೆ ಅದರಲ್ಲಿ ಮೂರು ಅಕ್ಷರ. ಅದರ ಉದ್ದ ಎಷ್ಟು ಎಂದು ಕೇಳಿದರೆ ಕಂಪ್ಯೂಟರ್ ಆರು ಎನ್ನುತ್ತದೆ, ಯಾಕೆಂದರೆ ಯೂನಿಕೋಡ್‌ನಲ್ಲಿ ಮ, ಐತ್ವ, ಸ, ಊಕಾರದ ಕೊಂಬು, ರ, ಉಕಾರದ ಕೊಂಬು ಎಲ್ಲಕ್ಕೂ ಬೇರೆ ಬೇರೆ ಸಂಕೇತ. ಯುಟಿಎಫ್-8 ಎಂಬ ಸಂಕೇತಕ್ರಮದಲ್ಲಿ ಉಳಿಸಿದರೆ ಒಂದೊಂದಕ್ಕೆ ಮೂರರಂತೆ ಹದಿನೆಂಟು ಬೈಟ್. ತಿರುಗಿಸಿದಾಗ ಮೊದಲು ಬರುವುದು ಆತುಕೊಳ್ಳಲು ವ್ಯಂಜನವೇ ಇಲ್ಲದ ಒಂದು ಕೊಂಬು. ಅದರ ಹಿಂದೆ ‘ರೂಸೈಮ’. ಸ್ವರಚಿಹ್ನೆಗಳೆಲ್ಲ ತಮ್ಮ ವ್ಯಂಜನ ಬಿಟ್ಟು ಪಕ್ಕದ್ದಕ್ಕೆ ಅಂಟಿಕೊಂಡಿವೆ. ನಮಗೆ ಬೇಕಾಗಿದ್ದ ಉತ್ತರ ‘ರುಸೂಮೈ’. ಜಾವಾದಲ್ಲಿ ಬರೆದರೂ ಪೈಥಾನ್‌ನಲ್ಲಿ ಬರೆದರೂ ಇದೇ ತಪ್ಪು. ಇಲ್ಲಿ ನಿಂತು, ಅಕ್ಷರ ಎಂದು ನಾನು ಅಂದುಕೊಂಡದ್ದೇನು, ಯಂತ್ರ ಅಂದುಕೊಂಡದ್ದೇನು ಎಂದು ಕೇಳಿಕೊಂಡವರು ಮುಂದೆ ಹೆಸರಿನ ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸುವಾಗ, ಮೊಬೈಲ್ ತೆರೆಯಲ್ಲಿ ಕನ್ನಡದ ಸಾಲನ್ನು ಅರ್ಧಕ್ಕೆ ಕತ್ತರಿಸುವಾಗ ಎಡವುವುದಿಲ್ಲ. ಬಾಯಿಪಾಠ ಮಾಡಿದವರಿಗೆ ಉತ್ತರ ಗೊತ್ತು, ಪ್ರಶ್ನೆ ಗೊತ್ತಿಲ್ಲ.

ಈಗ ತರಗತಿಯ ಕಡೆ ಬರೋಣ. ಸಾಮಾನ್ಯ ನಡೆ ಹೀಗಿರುತ್ತದೆ: ಟ್ರೇನರ್ ಪ್ರೊಜೆಕ್ಟರ್‌ನಲ್ಲಿ ಕೋಡ್ ಟೈಪ್ ಮಾಡುತ್ತಾರೆ, ವಿದ್ಯಾರ್ಥಿಗಳು ನೋಡಿಕೊಂಡು ಟೈಪ್ ಮಾಡುತ್ತಾರೆ, ಓಡುತ್ತದೆ, ಮುಂದಿನ ಟಾಪಿಕ್. ಟ್ರೇನರ್ ಬರೆಯುವ ಕೋಡ್ ಹತ್ತಾರು ಬ್ಯಾಚ್‌ಗಳಿಗೆ ಹೇಳಿ ನಯವಾದದ್ದು, ಅದರಲ್ಲಿ ತಪ್ಪಿಗೆ ಜಾಗವಿಲ್ಲ. ವಿದ್ಯಾರ್ಥಿಯ ತೆರೆಯಲ್ಲಿ ಕೆಂಪಕ್ಷರ ಬಂದರೆ ‘ಸರ್, ರನ್ ಆಗ್ತಿಲ್ಲ’ ಎಂಬ ದನಿ ಏಳುತ್ತದೆ. ಟ್ರೇನರ್ ಬಂದು ಬಗ್ಗಿ ನೋಡಿ, ಬಿಟ್ಟುಹೋದ ಆವರಣ ಚಿಹ್ನೆಯನ್ನು ತಾವೇ ಹಾಕಿ, ಓಡಿಸಿ ಮುಂದೆ ಹೋಗುತ್ತಾರೆ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷದಲ್ಲಿ ಅವರ ಕಣ್ಣು ಮೊದಲು ಎಲ್ಲಿ ಹೋಯಿತು, ಯಾವ ಸಾಲನ್ನು ಓದಿತು, ಯಾವುದನ್ನು ಬಿಟ್ಟಿತು, ಏನನ್ನು ಅನುಮಾನಿಸಿತು ಎಂಬುದು ಇಡೀ ದಿನದ ಪಾಠಕ್ಕಿಂತ ಬೆಲೆಯುಳ್ಳದ್ದು. ಅದು ಮಾತಿಗೆ ಬರುವುದೇ ಇಲ್ಲ. ಟ್ರೇನರ್‌ಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಅರವತ್ತು ಜನರ ಬ್ಯಾಚ್, ಮುಗಿಸಬೇಕಾದ ಸಿಲಬಸ್, ಸಂಜೆ ಇನ್ನೊಂದು ಬ್ಯಾಚ್ ಇರುವಾಗ ಯಾರೇ ಆದರೂ ಹೀಗೆಯೇ ಮಾಡಿಯಾರು. ಆದರೆ ತಪ್ಪಿನ ಸುತ್ತ ನಡೆಯಬೇಕಾದ ಮಾತು ಹೀಗೆ ಮೂರು ನಾಲ್ಕು ತಿಂಗಳ ಕಾಲ ದಿನವೂ ತಪ್ಪಿಹೋದರೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಎರರ್ ಎಂದರೆ ತನ್ನ ದಡ್ಡತನದ ಗುರುತು ಎಂಬ ಭಾವನೆ ಬೇರೂರುತ್ತದೆ. ಮುಂದಿನ ಬೆಂಚಿನ ಇಂಗ್ಲಿಷ್ ಮಾತಿಗೆ ಹಿಂಜರಿದು ಹಿಂದೆ ಕೂತ ಕನ್ನಡ ಮಾಧ್ಯಮದ ಹುಡುಗ ಕೈ ಎತ್ತುವುದನ್ನೇ ನಿಲ್ಲಿಸುತ್ತಾನೆ. ಪಕ್ಕದವನ ಕೋಡ್ ಪೆನ್‌ಡ್ರೈವ್‌ನಲ್ಲಿ ತಂದುಕೊಳ್ಳುತ್ತಾನೆ.

ಎರರ್ ಸಂದೇಶ ಓದುವುದು ಎಂದರೇನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಗ್ರಂಥಾಲಯ ನಿರ್ವಹಣೆ ಎಂಬುದು ನಮ್ಮ ಕೋರ್ಸುಗಳ ಅಚ್ಚುಮೆಚ್ಚಿನ ಪ್ರಾಜೆಕ್ಟ್. ಜಾವಾ ಮತ್ತು ಅದರ ಸ್ಪ್ರಿಂಗ್ ಫ್ರೇಮ್‌ವರ್ಕಿನಲ್ಲಿ ಬರೆದ ಅಂಥದ್ದೊಂದು ಪ್ರೋಗ್ರಾಮಿಗೆ ಪಟ್ಟಿಯಲ್ಲೇ ಇಲ್ಲದ ಸದಸ್ಯನ ಸಂಖ್ಯೆ ಕೊಟ್ಟರೆ ತೆರೆಯ ತುಂಬ ಹತ್ತಾರು ಸಾಲು ಸುರಿಯುತ್ತವೆ. ಹೊಸಬರು ಮೊದಲ ಸಾಲು ಓದಿ ಗಾಬರಿಯಾಗುತ್ತಾರೆ, ಅಥವಾ ಅಷ್ಟನ್ನೂ ಕಾಪಿ ಮಾಡಿ ಗೂಗಲ್‌ಗೆ ಹಾಕುತ್ತಾರೆ. ಪಳಗಿದವರು ನೇರ ಕೆಳಗಿಳಿದು ‘ಕಾಸ್ಡ್ ಬೈ’ ಎಂದು ಶುರುವಾಗುವ ಕೊನೆಯ ಭಾಗವನ್ನು ಹುಡುಕುತ್ತಾರೆ, ಮೂಲ ಕಾರಣ ಸಾಮಾನ್ಯವಾಗಿ ಅಲ್ಲಿರುತ್ತದೆ. ಆಮೇಲೆ ಅದರ ಕೆಳಗಿನ ಸಾಲುಗಳಲ್ಲಿ ಫ್ರೇಮ್‌ವರ್ಕಿನವನ್ನೆಲ್ಲ ದಾಟಿ, ತಾವು ಬರೆದ ಕಡತದ ಹೆಸರು ಮೊದಲು ಕಾಣುವ ಸಾಲಿಗೆ ಬರುತ್ತಾರೆ. ಅಲ್ಲಿ ಸಾಲಿನ ಸಂಖ್ಯೆಯೂ ಇದೆ. ಅಲ್ಲಿಗೆ ಹೋದರೆ ಸದಸ್ಯನ ಹೆಸರು ಕೇಳುವ ಸಾಲು ಮುಗ್ಧವಾಗಿ ಕೂತಿದೆ, ಅದರಲ್ಲಿ ತಪ್ಪೇನೂ ಇಲ್ಲ. ತಪ್ಪು ಹುಟ್ಟಿದ್ದು ಅದಕ್ಕೂ ಮೊದಲು, ಡೇಟಾಬೇಸ್‌ನಲ್ಲಿ ಸದಸ್ಯ ಸಿಗದಿದ್ದಾಗ ‘ನಲ್’ ಎಂಬ ಖಾಲಿ ಉತ್ತರ ಹಿಂತಿರುಗಿದ ಕಡೆ. ಪ್ರೋಗ್ರಾಂ ಬಿದ್ದ ಜಾಗ ಮತ್ತು ಅದು ಕೆಟ್ಟ ಜಾಗ ಬೇರೆ ಬೇರೆ ಎಂಬ ತಿಳಿವಳಿಕೆ ಡಿಬಗ್ ಮಾಡುವುದರ, ಅಂದರೆ ತಪ್ಪು ಹುಡುಕಿ ತಿದ್ದುವುದರ, ಅರ್ಧ. ಈ ನಲ್ ಎಂಬುದನ್ನು 1965ರಲ್ಲಿ ಕಂಡುಹಿಡಿದ ಟೋನಿ ಹೋರ್ ಅವರೇ 2009ರ ಒಂದು ಭಾಷಣದಲ್ಲಿ ಅದನ್ನು ತಮ್ಮ ಶತಕೋಟಿ ಡಾಲರ್‌ಗಳ ತಪ್ಪು ಎಂದು ಕರೆದುಕೊಂಡರು. ಯಾವ ವಸ್ತು ನಲ್ ಆಗಿತ್ತು ಎಂದು ಸಂದೇಶದಲ್ಲೇ ಬಿಡಿಸಿ ಹೇಳುವ ಸೌಲಭ್ಯ ಜಾವಾಕ್ಕೆ ಬಂದದ್ದು 2020ರಲ್ಲಿ, ಅದರ 14ನೇ ಆವೃತ್ತಿಯಲ್ಲಿ. ಭಾಷೆ ಕಟ್ಟುವವರು ಎರರ್ ಸಂದೇಶವನ್ನು ಇಷ್ಟು ಗಂಭೀರವಾಗಿ ತೆಗೆದುಕೊಳ್ಳುವಾಗ ಅದನ್ನು ಓದಲು ಕಲಿಸಲು ಸಿಲಬಸ್‌ನಲ್ಲಿ ಒಂದು ಗಂಟೆಯಾದರೂ ಇರಬೇಡವೇ?

ಇದು ನಮ್ಮ ಇನ್‌ಸ್ಟಿಟ್ಯೂಟುಗಳಿಗಷ್ಟೇ ಅಂಟಿದ ಕೊರತೆ ಎಂದುಕೊಳ್ಳುವುದು ಸರಿಯಲ್ಲ. 2001ರಲ್ಲಿ ಮೈಕಲ್ ಮೆಕ್ರಾಕೆನ್ ಮತ್ತು ಸಂಗಡಿಗರು ನಾಲ್ಕು ವಿಶ್ವವಿದ್ಯಾಲಯಗಳ 216 ವಿದ್ಯಾರ್ಥಿಗಳಿಗೆ, ಅವರು ಆರಂಭಿಕ ಪ್ರೋಗ್ರಾಮಿಂಗ್ ಪಾಠ ಮುಗಿಸಿದ ಮೇಲೆ, ಕ್ಯಾಲ್ಕುಲೇಟರ್ ತರಹದ ಪ್ರೋಗ್ರಾಂ ಬರೆಯಲು ಕೊಟ್ಟರು. ಸರಾಸರಿ ಅಂಕ 110ಕ್ಕೆ 23ನ್ನೂ ಮುಟ್ಟಲಿಲ್ಲ. ಸಮಸ್ಯೆ ಬಿಡಿಸುವ ಶಕ್ತಿ ಇಲ್ಲದಿರುವುದೇ ಕಾರಣ ಎಂದು ಆಗ ಹಲವರು ಭಾವಿಸಿದರು. ಆಸ್ಟ್ರೇಲಿಯಾದ ರೇಮಂಡ್ ಲಿಸ್ಟರ್ ಮತ್ತು ಜೊತೆಗಾರರು 2004ರಲ್ಲಿ ಏಳು ದೇಶಗಳ ವಿದ್ಯಾರ್ಥಿಗಳಿಗೆ ಇನ್ನೂ ಸಣ್ಣ ಪರೀಕ್ಷೆ ಇಟ್ಟರು. ಏನನ್ನೂ ಬರೆಯಬೇಕಾಗಿರಲಿಲ್ಲ, ಕೊಟ್ಟಿರುವ ಕೆಲವೇ ಸಾಲಿನ ಕೋಡ್ ಓದಿ ಕೊನೆಗೆ ಯಾವ ಬೆಲೆ ಉಳಿಯುತ್ತದೆ ಎಂದು ಹೇಳಬೇಕಿತ್ತು. ಬಹಳಷ್ಟು ಮಂದಿ ಅಲ್ಲಿಯೇ ಎಡವಿದರು. ಅಂದರೆ ಬರೆಯಲಾರದವರಲ್ಲಿ ಅನೇಕರು ಓದಲಾರದವರಾಗಿದ್ದರು. ಒಂದು ಲೂಪ್ ಮೂರನೇ ಸುತ್ತಿಗೆ ಬಂದಾಗ ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂಬ ಚಿತ್ರ ಮನಸ್ಸಿನಲ್ಲಿ ಮೂಡದವರಿಗೆ ಇನ್ನೊಂದು ಭಾಷೆ, ಇನ್ನೊಂದು ಫ್ರೇಮ್‌ವರ್ಕ್ ಹೇಳಿಕೊಡುವುದರಿಂದ ಆಗುವುದೇನು? ಬೈಕ್ ಗ್ಯಾರೇಜಿಗೆ ಕೆಲಸ ಕಲಿಯಲು ಸೇರಿದ ಹುಡುಗನ ಕೈಗೆ ಮೊದಲ ದಿನದಿಂದಲೂ ಬರುವುದು ಕೆಟ್ಟುನಿಂತ ಗಾಡಿಗಳೇ. ಶಬ್ದ ಕೇಳಿ, ಪ್ಲಗ್ ಬಿಚ್ಚಿ ನೋಡಿ, ಇದಲ್ಲ ಅದಲ್ಲ ಎಂದು ಒಂದೊಂದನ್ನೇ ತಳ್ಳಿಹಾಕುತ್ತ ಅವನು ಎಂಜಿನ್ನನ್ನು ಅರಿಯುತ್ತಾನೆ. ಪ್ರೋಗ್ರಾಮಿಂಗ್ ತರಗತಿಯಲ್ಲಿ ಮಾತ್ರ ನಾವು ಕೊನೆಯ ದಿನದವರೆಗೂ ಸುಸ್ಥಿತಿಯಲ್ಲಿರುವ ಗಾಡಿಯನ್ನೇ ತೋರಿಸುತ್ತೇವೆ.

ತಪ್ಪಿನ ಮೂಲಕ ಕಲಿಸಬೇಕೆಂಬ ಈ ವಾದಕ್ಕೆ ವಿದ್ವತ್ತಿನ ಕಡೆಯಿಂದಲೇ ಬಲವಾದ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕಲಾಗದು. ಆಸ್ಟ್ರೇಲಿಯಾದ ಮನೋವಿಜ್ಞಾನಿ ಜಾನ್ ಸ್ವೆಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತ ಕಲಿಯುವವರ ಮೇಲೆ ನಡೆಸಿದ ಪ್ರಯೋಗಗಳು, ಹೊಸಬರು ತಾವೇ ಲೆಕ್ಕ ಬಿಡಿಸಲು ಒದ್ದಾಡುವುದಕ್ಕಿಂತ ಬಿಡಿಸಿಟ್ಟ ಮಾದರಿಗಳನ್ನು ಓದಿದಾಗ ಬೇಗ ಕಲಿಯುತ್ತಾರೆ ಎಂದು ತೋರಿಸಿದವು. ಒದ್ದಾಟದಲ್ಲಿ ಮನಸ್ಸಿನ ಶಕ್ತಿಯೆಲ್ಲ ದಾರಿ ಹುಡುಕುವುದಕ್ಕೇ ಖರ್ಚಾಗಿ ಕಲಿಕೆಗೆ ಏನೂ ಉಳಿಯುವುದಿಲ್ಲ ಎಂಬುದು ಅವರ ವಿವರಣೆ. ಹಾಗಿದ್ದರೆ ಟ್ರೇನರ್ ಓಡುವ ಕೋಡ್ ತೋರಿಸುವುದೇ ಸರಿಯಲ್ಲವೇ ಎಂದು ಕೇಳಬಹುದು. ಮೊದಲ ಕೆಲವು ವಾರಗಳ ಮಟ್ಟಿಗೆ ಈ ಮಾತು ಒಪ್ಪತಕ್ಕದ್ದೇ. ಏನೂ ಬಾರದವರನ್ನು ಎರರ್‌ಗಳ ನಡುವೆ ಒಂಟಿಯಾಗಿ ಬಿಡುವುದು ಕಲಿಸುವ ರೀತಿಯಲ್ಲ, ಅದರಿಂದ ಬಿಟ್ಟುಹೋಗುವವರ ಸಂಖ್ಯೆ ಹೆಚ್ಚೀತು. ಆದರೆ ಸ್ವೆಲರ್ ಅವರ ಮಾದರಿಗಳಲ್ಲಿ ಲೆಕ್ಕ ಬಿಡಿಸುವ ಹಂತಗಳೆಲ್ಲ ಕಣ್ಣೆದುರಿಗೆ ಇದ್ದವು. ನಮ್ಮ ತರಗತಿಯ ಓಡುವ ಕೋಡ್‌ನಲ್ಲಿ ಕೊನೆಯ ಉತ್ತರ ಮಾತ್ರ ಇದೆ, ಅದಕ್ಕೆ ಹೋದ ದಾರಿ ಅಳಿಸಿಹೋಗಿದೆ. ಹಾಗಾಗಿ ಅವರ ಸಂಶೋಧನೆಯಿಂದ ನಾವು ಪಡೆಯಬೇಕಾದ್ದು ಇಷ್ಟು: ಡಿಬಗ್ ಮಾಡುವುದನ್ನೂ ಬಿಡಿಸಿದ ಮಾದರಿಯಾಗಿಯೇ ತೋರಿಸಬೇಕು. ಟ್ರೇನರ್ ಬೇಕೆಂದೇ ಮುರಿದ ಪ್ರೋಗ್ರಾಮನ್ನು ತೆರೆಯ ಮೇಲೆ ಹಾಕಿ, ತಮ್ಮ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತ ತಿದ್ದಬೇಕು. ಇಲ್ಲಿಯವರೆಗೆ ಬೆಲೆ ಸರಿಯಿದೆ, ಇಲ್ಲಿ ಒಂದು ಪ್ರಿಂಟ್ ಹಾಕಿ ನೋಡೋಣ, ನನ್ನ ಊಹೆ ತಪ್ಪಾಯಿತು, ಈಗ ಇನ್ನೊಂದು ಊಹೆ. ಹೀಗೆ ಹತ್ತು ಸಲ ಕೇಳಿದವರಿಗೆ ಹನ್ನೊಂದನೆಯದನ್ನು ಅರ್ಧ ತಿದ್ದಿಕೊಟ್ಟು, ಹದಿನೈದನೆಯದನ್ನು ಪೂರ್ತಿ ಬಿಟ್ಟುಕೊಡಬಹುದು. ದೊಡ್ಡ ಬ್ಯಾಚಿಗೂ ಒಗ್ಗುವ, ಖರ್ಚಿಲ್ಲದ ಉಪಾಯಗಳೂ ಇವೆ. ನ್ಯೂಜಿಲೆಂಡಿನ ಡೇಲ್ ಪಾರ್ಸನ್ಸ್ ಮತ್ತು ಪೆಟ್ರಿಷಿಯಾ ಹೇಡನ್ 2006ರಲ್ಲಿ ರೂಪಿಸಿದ ಅಭ್ಯಾಸದಲ್ಲಿ ಸರಿಯಾದ ಪ್ರೋಗ್ರಾಮಿನ ಸಾಲುಗಳನ್ನು ಕಲಸಿ ಕೊಡುತ್ತಾರೆ, ವಿದ್ಯಾರ್ಥಿ ಅವನ್ನು ಕ್ರಮಕ್ಕೆ ತರಬೇಕು. ಕಾಗದದ ಚೀಟಿಗಳಿದ್ದರೂ ಸಾಕು, ಕರೆಂಟ್ ಹೋದರೂ ನಡೆಯುತ್ತದೆ.

ಎರಡನೇ ಆಕ್ಷೇಪ ಹೊಟ್ಟೆಪಾಡಿನದು. ಕಂಪನಿಯ ಜಾಹೀರಾತಿನಲ್ಲಿ ಜಾವಾ ಬೇಕು ಎಂದಿದೆ, ರೆಸ್ಯೂಮೆಯಲ್ಲಿ ಆ ಹೆಸರಿಲ್ಲದಿದ್ದರೆ ಮೊದಲ ಜರಡಿಯಲ್ಲೇ ಉದುರಿಹೋಗುತ್ತೇವೆ, ಮನೆಯಲ್ಲಿ ಸಾಲವಿದೆ, ಆಳದ ಕಲಿಕೆಗೆಲ್ಲ ಪುರುಸೊತ್ತೆಲ್ಲಿ? ಈ ಮಾತಿನಲ್ಲಿರುವ ಆತಂಕ ನಿಜವಾದದ್ದು, ಒಂದು ಭಾಷೆಯನ್ನು ಚೆನ್ನಾಗಿ ಕಲಿಯಲೇಬೇಕು ಎಂಬುದರಲ್ಲಿ ತಕರಾರಿಲ್ಲ. ಭಾಷೆಯ ಹೆಸರು ಇಂಟರ್‌ವ್ಯೂ ಕೋಣೆಯ ಬಾಗಿಲವರೆಗೆ ಕರೆದೊಯ್ಯುತ್ತದೆ. ಒಳಗೆ ಕೂತವರು ಬಾಯಿಪಾಠದ ಪ್ರಶ್ನೆಯನ್ನು ಸ್ವಲ್ಪ ತಿರುಚಿದರೆ, ಅಥವಾ ಕೋಡ್ ಒಂದನ್ನು ಮುಂದಿಟ್ಟು ಇದರಲ್ಲೇನು ತಪ್ಪಿದೆ ಎಂದರೆ, ಹೆಸರು ನೆರವಿಗೆ ಬಾರದು. ದೊಡ್ಡ ಸೇವಾ ಕಂಪನಿಗಳು ಫ್ರೆಷರ್‌ಗಳನ್ನು ತೆಗೆದುಕೊಂಡ ಮೇಲೆ ತಾವೇ ತಿಂಗಳುಗಟ್ಟಲೆ ತರಬೇತಿ ಕೊಡುತ್ತವೆ. ಮೈಸೂರಿನಲ್ಲಿ ಇನ್ಫೊಸಿಸ್ ನಡೆಸುವ ವಸತಿ ತರಬೇತಿ ಕೇಂದ್ರ ಅದಕ್ಕೆ ಎಲ್ಲರೂ ಬಲ್ಲ ಉದಾಹರಣೆ. ಬೇಕಾದ ಭಾಷೆಯನ್ನು ಅವರು ಕಲಿಸಿಕೊಳ್ಳುತ್ತಾರೆ. ಅಲ್ಲಿ ಉಳಿದು ಬೆಳೆಯಲು ಬೇಕಾಗುವುದು ಹೊಸದನ್ನು ತಾನೇ ಓದಿ, ತಪ್ಪು ಬಂದರೆ ತಾನೇ ಬಿಡಿಸಿಕೊಳ್ಳುವ ಅಭ್ಯಾಸ.

ಪ್ಲೇಸ್‌ಮೆಂಟಿನ ಅಂಕಿಗಳ ಮೇಲೆ ಕೋರ್ಸ್ ಆರಿಸುವುದು ಎಷ್ಟು ಅಪಾಯದ್ದು ಎಂಬುದಕ್ಕೆ ಅಮೆರಿಕದಲ್ಲಿ ದಾಖಲೆಯಾದ ಪ್ರಕರಣವೊಂದಿದೆ. ಲ್ಯಾಂಬ್ಡಾ ಸ್ಕೂಲ್ ಎಂಬ ಹೆಸರಿನಲ್ಲಿ ಶುರುವಾಗಿ ಬ್ಲೂಮ್‌ಟೆಕ್ ಆದ ಕೋಡಿಂಗ್ ಶಾಲೆ, ಈಗ ಕಲಿಯಿರಿ, ಕೆಲಸ ಸಿಕ್ಕಮೇಲೆ ಸಂಬಳದ ಪಾಲು ಕೊಡಿ ಎಂಬ ಒಪ್ಪಂದದ ಮೇಲೆ ನಡೆಯುತ್ತಿತ್ತು. ಶೇ 71ರಿಂದ 86ರಷ್ಟು ವಿದ್ಯಾರ್ಥಿಗಳಿಗೆ ಕೆಲಸ ಸಿಕ್ಕಿದೆ ಎಂದು ಅದು ಪ್ರಚಾರ ಮಾಡಿತ್ತು. ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಕ್ರಮ ಕೈಗೊಂಡಾಗ, ಶಾಲೆಯ ಒಳಗಿನ ಲೆಕ್ಕದಲ್ಲೇ ಆ ಪ್ರಮಾಣ ಶೇ 50ರ ಆಸುಪಾಸಿನಲ್ಲಿ, ಕೆಲವು ಸಲ ಶೇ 30ರವರೆಗೂ ಇಳಿದಿದ್ದದ್ದು ಹೊರಬಂತು. ವಿದ್ಯಾರ್ಥಿಗಳಿಗೆ ಸಾಲ ಕೊಡುವ ವ್ಯವಹಾರದಿಂದ ಶಾಲೆಯನ್ನು ಶಾಶ್ವತವಾಗಿ ನಿಷೇಧಿಸಲಾಯಿತು. ನಮ್ಮಲ್ಲೂ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಕ್ಷೇತ್ರದ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿದೆ. ಖಾತ್ರಿಯ ಹೆಸರಿನ ಸುಳ್ಳು ಭರವಸೆಗಳನ್ನು ಅದು ತಡೆಯುತ್ತದೆ. ಒಳ್ಳೆಯ ಕ್ರಮ. ಆದರೆ ಕಾನೂನು ಸುಳ್ಳನ್ನು ತಡೆಯಬಲ್ಲದು, ಪಾಠವನ್ನು ತಿದ್ದಲಾರದು. ಪಾಠ ಹೇಗಿದೆ ಎಂಬುದನ್ನು, ಸೇರುವ ಮೊದಲು ಡೆಮೊ ಕ್ಲಾಸಿನಲ್ಲಿ ಕೂತವರೇ ಗಮನಿಸಬೇಕು. ಯಾರೋ ಒಬ್ಬರ ತೆರೆಯಲ್ಲಿ ಎರರ್ ಬಂದಾಗ ಟ್ರೇನರ್ ತಾವೇ ಕೀಬೋರ್ಡ್ ಎಳೆದುಕೊಂಡರೋ, ಅಥವಾ ಸಂದೇಶವನ್ನು ಜೋರಾಗಿ ಓದು, ಏನು ಹೇಳುತ್ತಿದೆ ನೋಡು ಎಂದರೋ ಎಂಬುದನ್ನು ನೋಡಿದರೆ ಜಾಹೀರಾತಿಗಿಂತ ಹೆಚ್ಚು ತಿಳಿಯುತ್ತದೆ.

ಮೂರನೆಯದು ಈಚಿನ ಆಕ್ಷೇಪ. ಗಿಟ್‌ಹಬ್ ಕೋಪೈಲಟ್ 2021ರಲ್ಲಿ, ಚಾಟ್‌ಜಿಪಿಟಿ 2022ರ ನವೆಂಬರ್‌ನಲ್ಲಿ ಬಂದ ಮೇಲೆ, ಕೋಡ್ ಬರೆಯುವುದನ್ನೂ ತಿದ್ದುವುದನ್ನೂ ಯಂತ್ರವೇ ಮಾಡುತ್ತದೆ, ಇನ್ನು ಇದನ್ನೆಲ್ಲ ಕಲಿಯುವುದೇಕೆ ಎಂಬ ಮಾತು ಕಾಲೇಜುಗಳಲ್ಲಿ ಹರಡಿದೆ. ನನಗೆ ಕಾಣುವಂತೆ ಇದರಿಂದ ವಾದ ಇನ್ನಷ್ಟು ಗಟ್ಟಿಯಾಗುತ್ತದೆ. ಮೊದಲೆಲ್ಲ ಹೊಸಬರು ಕೆಲಸದ ಮೊದಲ ವರ್ಷ ತಮ್ಮದೇ ಸಣ್ಣ ತಪ್ಪುಗಳ ಜೊತೆ ಗುದ್ದಾಡುತ್ತ ಪಳಗುತ್ತಿದ್ದರು. ಈಗ ಮೊದಲ ದಿನವೇ ಅವರ ಮುಂದೆ ತಾವು ಬರೆಯದ ಇನ್ನೂರು ಸಾಲು ಬಂದು ಬೀಳುತ್ತದೆ. ಅದು ನೋಡಲು ಅಚ್ಚುಕಟ್ಟಾಗಿರುತ್ತದೆ, ಹೆಚ್ಚಿನ ಸಲ ಓಡುತ್ತದೆ ಕೂಡ. ಪಟ್ಟಿ ಖಾಲಿಯಿದ್ದಾಗ, ಇಬ್ಬರು ಒಂದೇ ಹೊತ್ತಿಗೆ ಒಂದೇ ಸೀಟು ಬುಕ್ ಮಾಡಿದಾಗ, ಹೆಸರು ಕನ್ನಡದಲ್ಲಿದ್ದಾಗ ಏನಾಗುತ್ತದೆ ಎಂದು ಕೇಳಬೇಕಾದವರು ಓದುವವರೇ. ಕೋಡ್ ಓದಿ ಅನುಮಾನಿಸಲು ಬಾರದವರು ಯಂತ್ರ ಕೊಟ್ಟದ್ದನ್ನು ಒಪ್ಪಿಕೊಳ್ಳಬಲ್ಲರು, ಅದಕ್ಕೆ ಹೊಣೆ ಹೊರಲಾರರು. ಕಂಪನಿ ಸಂಬಳ ಕೊಡುವುದು ಆ ಹೊಣೆಗೆ. ಹಾಗೆಂದು ಈ ಸಾಧನಗಳನ್ನು ತರಗತಿಯಿಂದ ಹೊರಗಿಡಬೇಕಿಲ್ಲ. ಎರರ್ ಸಂದೇಶವನ್ನು ಕನ್ನಡದಲ್ಲಿ ವಿವರಿಸು ಎಂದರೆ ಅವು ವಿವರಿಸುತ್ತವೆ, ಹಿಂದಿನ ಬೆಂಚಿನ ಆ ಹುಡುಗನಿಗೆ ಇದು ದೊಡ್ಡ ಆಸರೆ. ಒಂದೇ ಷರತ್ತು: ಕೇಳುವ ಮೊದಲು ತನ್ನ ಊಹೆ ಏನು ಎಂದು ಎರಡು ಸಾಲು ಬರೆದಿಟ್ಟಿರಬೇಕು. ಆಗ ಬಂದ ಉತ್ತರವನ್ನು ಹೋಲಿಸಲು ಏನಾದರೂ ಇರುತ್ತದೆ.

ತಪ್ಪಿನಿಂದ ಕಲಿಸುವ ಈ ವಿಚಾರ ಹೊಸದೂ ಅಲ್ಲ, ಕನ್ನಡಕ್ಕೆ ಹೊರಗಿನದೂ ಅಲ್ಲ. ಸೀಮೋರ್ ಪೇಪರ್ಟ್, ಸಿಂಥಿಯಾ ಸಾಲೊಮನ್ ಮತ್ತು ವಾಲಿ ಫೊಯರ್‌ಜೈಗ್ 1967ರಲ್ಲಿ ಮಕ್ಕಳಿಗಾಗಿ ಲೋಗೋ ಭಾಷೆಯನ್ನು ರೂಪಿಸಿದರು. ಮಗು ಆಜ್ಞೆ ಕೊಡುತ್ತದೆ, ತೆರೆಯ ಮೇಲಿನ ಆಮೆ ನಡೆದು ಗೆರೆ ಎಳೆಯುತ್ತದೆ, ಚೌಕ ಬರಬೇಕಾದಲ್ಲಿ ಬೇರೇನೋ ಬಂದರೆ ಯಾವ ತಿರುವಿನಲ್ಲಿ ಲೆಕ್ಕ ತಪ್ಪಿತು ಎಂದು ಮಗು ತಾನೇ ಆಮೆಯಂತೆ ನಡೆದು ನೋಡುತ್ತದೆ. ಸರಿಯೋ ತಪ್ಪೋ ಎಂಬ ಪ್ರಶ್ನೆಗಿಂತ, ತಿದ್ದಬಹುದೇ ಎಂಬ ಪ್ರಶ್ನೆ ಮಕ್ಕಳಿಗೆ ಅಭ್ಯಾಸವಾಗಬೇಕೆಂಬುದು ಪೇಪರ್ಟ್ ಅವರ ಆಸೆಯಾಗಿತ್ತು. ಯು.ಬಿ. ಪವನಜ ಅವರು ಈ ಲೋಗೋವನ್ನು ಕನ್ನಡಕ್ಕೆ ತಂದರು. ಆಜ್ಞೆಗಳನ್ನೇ ಕನ್ನಡದಲ್ಲಿ ಕೊಡಬಹುದಾದ ಪ್ರೋಗ್ರಾಮಿಂಗ್ ನಮ್ಮಲ್ಲಿ ಆಗಲೇ ಇತ್ತು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಮುಕ್ತ ತಂತ್ರಾಂಶಗಳ ಕಿರು ಪಾಠಗಳು ಕನ್ನಡ ಧ್ವನಿಯಲ್ಲೂ ಪುಕ್ಕಟೆಯಾಗಿ ಸಿಗುತ್ತವೆ. ನೋಡಿಕೊಂಡು ಜೊತೆಜೊತೆಗೇ ಮಾಡುವ ಅವುಗಳ ಕ್ರಮ ಹೊಸಬರಿಗೆ ತುಂಬ ಒಳ್ಳೆಯ ಮೆಟ್ಟಿಲು. ಜಾವಾದ ಪದಗಳು ಇಂಗ್ಲಿಷಿನವೇ ಆಗಿರಲಿ, ಇಂಟರ್‌ವ್ಯೂ ಇಂಗ್ಲಿಷಿನಲ್ಲೇ ನಡೆಯಲಿ. ಆದರೆ ನನ್ನ ಪ್ರೋಗ್ರಾಂ ಯಾಕೆ ಹೀಗೆ ಮಾಡುತ್ತಿದೆ ಎಂದು ತರ್ಕ ಮಾಡುವಾಗ, ಒಂದು ಊಹೆಯನ್ನು ಹಿಡಿದು ಇನ್ನೊಂದನ್ನು ಬಿಡುವಾಗ, ಮನಸ್ಸು ಓಡುವುದು ತನ್ನ ಭಾಷೆಯಲ್ಲಿ. ಆ ಮಾತನ್ನು ತರಗತಿಯಲ್ಲಿ ಕನ್ನಡದಲ್ಲಿ ಆಡಲು ಬಿಟ್ಟರೆ ಯಾರ ಇಂಗ್ಲಿಷೂ ಕೆಡುವುದಿಲ್ಲ. ಕನ್ನಡ ಬಲ್ಲ ಟ್ರೇನರ್‌ಗಳು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ, ತಾಲ್ಲೂಕಿನ ಕಾಲೇಜುಗಳಲ್ಲಂತೂ ಬಹುತೇಕ ಎಲ್ಲರೂ ಅವರೇ.

ಬದಲಾವಣೆ ಶುರುವಾಗಲು ಅತ್ಯಂತ ಸುಲಭದ ಜಾಗವೂ ಆ ಕಾಲೇಜುಗಳೇ. ಬಿಸಿಎ, ಬಿ.ಇ. ವಿದ್ಯಾರ್ಥಿಗಳೆಲ್ಲ ಲ್ಯಾಬ್ ರೆಕಾರ್ಡ್ ಬರೆಯುತ್ತಾರೆ. ಬಲಗಡೆ ಗೆರೆಯ ಪುಟದಲ್ಲಿ ಪ್ರೋಗ್ರಾಂ, ಎಡಗಡೆ ಖಾಲಿ ಪುಟದಲ್ಲಿ ಔಟ್‌ಪುಟ್, ಕೆಳಗೆ ಮೇಷ್ಟರ ಸಹಿ. ಇಡೀ ಸೆಮಿಸ್ಟರ್‌ನ ರೆಕಾರ್ಡ್ ತಿರುವಿದರೂ ಅದರಲ್ಲಿ ಒಂದೇ ಒಂದು ತಪ್ಪು ಸಿಗುವುದಿಲ್ಲ, ಹಿಂದಿನ ವರ್ಷದ ರೆಕಾರ್ಡ್ ನೋಡಿ ಬರೆದದ್ದೂ ತಾನೇ ಮಾಡಿ ಬರೆದದ್ದೂ ಒಂದೇ ಥರ ಕಾಣುತ್ತವೆ. ಇದರಲ್ಲಿ ಪ್ರತಿ ಪ್ರೋಗ್ರಾಮಿಗೂ ಇನ್ನೊಂದು ಪುಟ ಸೇರಿಸಬಹುದು: ಯಾವ ಎರರ್ ಬಂತು, ಮೊದಲು ಏನೆಂದು ಊಹಿಸಿದೆ, ಆ ಊಹೆಯನ್ನು ಹೇಗೆ ಪರೀಕ್ಷಿಸಿದೆ, ಕೊನೆಗೆ ಎಲ್ಲಿ ಸಿಕ್ಕಿತು. ಕನ್ನಡದಲ್ಲಿ ಬರೆದರೂ ಸರಿ, ಇಂಗ್ಲಿಷಿನಲ್ಲಿ ಬರೆದರೂ ಸರಿ. ವೈವಾದಲ್ಲಿ ಅರ್ಧ ಅಂಕ ಆ ಪುಟದ ಮೇಲಿನ ಪ್ರಶ್ನೆಗಳಿಗೆ ಮೀಸಲಿಟ್ಟರೆ ನಕಲಿಗೆ ದಾರಿ ಕಡಿಮೆ, ಯಾಕೆಂದರೆ ಇಬ್ಬರ ತಪ್ಪುಗಳು ಒಂದೇ ಆಗಿರುವುದು ಅಪರೂಪ. ನಕಲು ಮಾಡಿದವರೂ ಎರಡನೇ ಪ್ರಶ್ನೆಗೆ ಸಿಕ್ಕಿಬೀಳುತ್ತಾರೆ. ಇದಕ್ಕೆ ಹೊಸ ಕಂಪ್ಯೂಟರ್ ಬೇಡ. ಸಿಲಬಸ್ ಬದಲಾಗಬೇಕೆಂದು ವಿಶ್ವವಿದ್ಯಾಲಯದ ಸುತ್ತೋಲೆಗೆ ಕಾಯಬೇಕಿಲ್ಲ. ಬರುವ ಸೆಮಿಸ್ಟರ್‌ನ ಮೊದಲ ಲ್ಯಾಬಿನಲ್ಲಿ ಮೇಷ್ಟರು ಹೇಳಿಬಿಟ್ಟರೆ ಸಾಕು.